ಉದ್ಯಮ್, ಜಿಎಸ್‌ಟಿ, ಎಲ್‌ಎಲ್‌ಪಿ, ಕಂಪನಿ: ನಮ್ಮ ಕಡೆಯ ಫ್ರೀಲ್ಯಾನ್ಸರ್‌ಗಳಿಗೆ ಯಾವುದು ಸರಿ?

ಗಂಗಾವತಿಯಲ್ಲಿ ಮದುವೆ ವಿಡಿಯೋ ಮಾಡುವವರು, ಬಳ್ಳಾರಿಯಲ್ಲಿ ಜೀನ್ಸ್ ಯೂನಿಟ್‌ಗಳಿಗೆ ಪ್ಯಾಟರ್ನ್ ಮಾಡಿಕೊಡುವವರು, ರಾಯಚೂರಿನ ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಗಳಿಗೆ ವೆಬ್‌ಸೈಟ್ ಕಟ್ಟುವವರು, ಎಲ್ಲರೂ ಕೇಳುವುದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ. "ಉದ್ಯಮ್ ಸಾಕಾ, ಜಿಎಸ್‌ಟಿ ತಗೋಬೇಕಾ, ಇಲ್ಲ ಒಂದು ಕಂಪನಿನೇ ಮಾಡಿಬಿಡ್ಲಾ?" ಉದ್ಯಮ್ ಅಂದರೆ ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ನೋಂದಣಿ. ಆಡಿಟರ್ ಒಂದು ಹೇಳುತ್ತಾರೆ, ಸೈಬರ್ ಸೆಂಟರಿನವರು ಇನ್ನೊಂದು ಹೇಳುತ್ತಾರೆ, ಬೆಂಗಳೂರಿನಲ್ಲಿರುವ ಗೆಳೆಯ ಮತ್ತೊಂದು ಹೇಳುತ್ತಾನೆ. ಕೊನೆಗೆ ಏನೂ ಮಾಡದೆ ಕೂರುತ್ತೇವೆ, ಇಲ್ಲವೇ ಬೇಡದ್ದಕ್ಕೆ ದುಡ್ಡು ಸುರಿಯುತ್ತೇವೆ.

ನಾನು ಹೇಳುವುದಿಷ್ಟೇ. ಯಾವ ಕಾಗದ ಬೇಕು ಅನ್ನೋದನ್ನು ನಿಮ್ಮ ಕೆಲಸಕ್ಕಿಂತ ಜಾಸ್ತಿ ನಿಮಗೆ ದುಡ್ಡು ಕೊಡುವವರು ತೀರ್ಮಾನಿಸುತ್ತಾರೆ. ಮದುವೆ ಮನೆಯವರು ನಿಮ್ಮ ಜಿಎಸ್‌ಟಿ ನಂಬರ್ ಕೇಳುವುದಿಲ್ಲ. ತೋರಣಗಲ್ಲಿನ ಕಡೆಯ ಗುತ್ತಿಗೆ ಕಂಪನಿಯವರು ಕೊಟೇಶನ್ ನೋಡುವ ಮುಂಚೆಯೇ ಕೇಳಬಹುದು. ಎರಡೂ ಕಡೆ ನೀವು ಒಯ್ಯುವುದು ಅದೇ ಕ್ಯಾಮೆರಾ ಆದರೂ ಬೇಕಾದ ಕಾಗದ ಬೇರೆ.

ಮೊದಲು ಇವನ್ನು ಬರೆದಿಟ್ಟುಕೊಳ್ಳಿ

ಒಂದು ಹಾಳೆ ತಗೊಂಡು ಕಳೆದ ಒಂದು ವರ್ಷದಲ್ಲಿ ಯಾರ್ಯಾರಿಂದ ಎಷ್ಟು ದುಡ್ಡು ಬಂತು ಅಂತ ಬರೆಯಿರಿ. ಮನೆಮಂದಿ (ಮದುವೆಯಂಥ ಸ್ವಂತ ಕೆಲಸಕ್ಕೆ ಕರೆಯುವ ಜನ), ಅಂಗಡಿಯವರು, ಕಂಪನಿಗಳು, ಸರ್ಕಾರಿ ಕಚೇರಿ, ಹೊರದೇಶ ಅಂತ ಬೇರೆ ಬೇರೆ ಮಾಡಿ. ಕೆಳಗೆ ಒಟ್ಟು ಹಾಕಿ. ಲಾಭವಲ್ಲ, ಬಂದ ಪೂರ್ತಿ ಮೊತ್ತ. ಜಿಎಸ್‌ಟಿ ಮಿತಿ ನೋಡುವುದು ಈ ಪೂರ್ತಿ ಮೊತ್ತವನ್ನೇ.

ಆಮೇಲೆ ಮೂರು ವಿಷಯ. ಕೆಲಸ ಒಬ್ಬರದ್ದಾ, ದುಡ್ಡು ಹಾಕಿದ ಇನ್ನೊಬ್ಬರೂ ಇದ್ದಾರಾ? ಕೆಲಸ ಕೆಟ್ಟರೆ ನಿಮ್ಮ ಮೇಲೆ ಬರುವ ಹೊರೆ ಎಷ್ಟು? ಒಂದು ಆಲ್ಬಮ್ ತಡವಾಗುವುದು ಬೇರೆ, ಕಟ್ಟಡದ ಲೆಕ್ಕ ತಪ್ಪುವುದು ಬೇರೆ. ಇನ್ನೊಂದು, ಪ್ರತಿ ವರ್ಷ ರಿಟರ್ನ್ ತುಂಬುವ ವ್ಯವಧಾನ ಮತ್ತು ಆಡಿಟರ್ ಫೀಸು ಕೊಡುವ ಶಕ್ತಿ ಎಷ್ಟಿದೆ? ರಿಜಿಸ್ಟ್ರೇಷನ್ ಮಾಡಿಸುವ ಖರ್ಚು ಒಂದು ಸಲದ್ದು, ಅದನ್ನು ಉಳಿಸಿಕೊಳ್ಳುವ ಖರ್ಚು ಪ್ರತಿ ವರ್ಷದ್ದು. ಹೋಲಿಸುವಾಗ ಎರಡನೆಯದನ್ನೇ ಹೋಲಿಸಿ.

ಬರೀ ಪ್ಯಾನ್ ಮೇಲೆ ಕೆಲಸ

ಪ್ರೊಪ್ರೈಟರ್‌ಶಿಪ್ ಅನ್ನೋದಕ್ಕೆ ಅಂತಲೇ ಒಂದು ರಿಜಿಸ್ಟ್ರೇಷನ್ ಇಲ್ಲ. ಸ್ವಂತವಾಗಿ ದುಡಿದು ಬಿಲ್ ಕೊಟ್ಟ ದಿನದಿಂದಲೇ ನೀವು ಪ್ರೊಪ್ರೈಟರ್. ನಿಮ್ಮ ಪ್ಯಾನ್ ಅದರ ಪ್ಯಾನ್. ಬಿಲ್‌ನಲ್ಲಿ ನಿಮ್ಮ ಹೆಸರು, ವಿಳಾಸ, ಪ್ಯಾನ್, ಬಿಲ್ ನಂಬರ್, ತಾರೀಖು, ಕೆಲಸದ ವಿವರ ಇದ್ದರೆ ಆಯಿತು. ಜಿಎಸ್‌ಟಿ ಇಲ್ಲದವರು ಬಿಲ್‌ನಲ್ಲಿ ಜಿಎಸ್‌ಟಿ ಅಂತ ಒಂದು ರೂಪಾಯಿಯನ್ನೂ ಸೇರಿಸಬಾರದು.

ತೆರಿಗೆಯಲ್ಲಿ ಈ ದಾರಿ ತುಂಬಾ ಹಗುರ. ಇಂಜಿನಿಯರ್, ಆರ್ಕಿಟೆಕ್ಟ್, ವಕೀಲರು, ಇಂಟೀರಿಯರ್ ಡೆಕೊರೇಟರ್, ತಾಂತ್ರಿಕ ಸಲಹೆಗಾರರಂಥ ಕೆಲವು ವೃತ್ತಿಯವರಿಗೆ ಆಡಿಟರ್‌ಗಳು 44ಎಡಿಎ ಅಂತ ಕರೆಯುವ ಅನುಕೂಲವಿದೆ. ವರ್ಷಕ್ಕೆ 50 ಲಕ್ಷದೊಳಗೆ ಬಂದರೆ ಅರ್ಧವನ್ನು ಆದಾಯ ಅಂತ ತೋರಿಸಿದರೆ ಸಾಕು, ಖರ್ಚಿನ ಚೀಟಿಗಳನ್ನೆಲ್ಲ ಲೆಕ್ಕ ಹಾಕಬೇಕಿಲ್ಲ. ನಗದು ಶೇ. 5 ಮೀರದಿದ್ದರೆ ಮಿತಿ 75 ಲಕ್ಷ. ರಾಯಚೂರಿನ ಒಬ್ಬ ಸಿವಿಲ್ ಇಂಜಿನಿಯರ್‌ಗೆ ವರ್ಷಕ್ಕೆ 18 ಲಕ್ಷ ಬಂತು ಅಂದುಕೊಳ್ಳಿ. ತೋರಿಸುವ ಆದಾಯ 9 ಲಕ್ಷ. 2025-26ನೇ ಹಣಕಾಸು ವರ್ಷದಿಂದ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಬೀಳುವುದಿಲ್ಲ. ಇದೇ ಇಂಜಿನಿಯರ್ ಕಂಪನಿ ಮಾಡಿಕೊಂಡರೆ ಈ ಎರಡೂ ಅನುಕೂಲ ಕಂಪನಿಗೆ ಸಿಗುವುದಿಲ್ಲ. ಈ ಪಟ್ಟಿಯಲ್ಲಿ ಬಾರದ ಕೆಲಸಗಳಿಗೆ 44ಎಡಿ ಅಂತ ಕರೆಯುವ ಇಂಥದ್ದೇ ಇನ್ನೊಂದು ಅನುಕೂಲವಿದೆ. ಅಲ್ಲಿ ಬ್ಯಾಂಕ್ ಮೂಲಕ ಬಂದದ್ದರ ಮೇಲೆ ಕನಿಷ್ಠ ಶೇ. 6, ನಗದಿನ ಮೇಲೆ ಶೇ. 8 ಆದಾಯ ಅಂತ ತೋರಿಸಬೇಕು. ನಿಮ್ಮ ಕೆಲಸ ಯಾವುದಕ್ಕೆ ಸೇರುತ್ತದೆ ಅಂತ ಆಡಿಟರ್ ಹತ್ತಿರ ಮೊದಲ ವರ್ಷವೇ ಖಚಿತ ಮಾಡಿಕೊಳ್ಳಿ. ಇಬ್ಬರು ಆಡಿಟರ್‌ಗಳಿಗೆ ಫೀಸು ಕೊಡಲು ತಯಾರಿದ್ದರೆ ಈ ಪ್ರಶ್ನೆಗೇ ಕೊಡಿ.

ಕಂಪನಿಗಳಿಗೆ ವೃತ್ತಿಪರ ಕೆಲಸ ಮಾಡಿದರೆ ವರ್ಷಕ್ಕೆ 50,000 ರೂಪಾಯಿ ಮೀರಿದಾಗ ಅವರು ಶೇ. 10 ಟಿಡಿಎಸ್ (ದುಡ್ಡು ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯುತ್ತಾರೆ. ಅದು ಕಳೆದುಹೋದ ದುಡ್ಡಲ್ಲ. ರಿಟರ್ನ್ ತುಂಬಿದರೆ ಲೆಕ್ಕಕ್ಕೆ ಬರುತ್ತದೆ, ತೆರಿಗೆ ಇಲ್ಲದಿದ್ದರೆ ವಾಪಸ್ ಬರುತ್ತದೆ. ರಿಟರ್ನ್ ತುಂಬದೆ ಅದನ್ನು ಬಿಟ್ಟುಕೊಟ್ಟವರು ನಮ್ಮ ಕಡೆ ಬಹಳ ಜನ ಇದ್ದಾರೆ, ಅದು ನನಗೆ ನಿಜಕ್ಕೂ ಬೇಜಾರು ತರುವ ವಿಷಯ.

ಈ ದಾರಿಯ ಕೊರತೆ ಒಂದೇ. ನಿಮ್ಮ ವ್ಯಾಪಾರದ ಹೆಸರಿಗೆ ಎಲ್ಲೂ ಪುರಾವೆ ಇರುವುದಿಲ್ಲ. "ತುಂಗಭದ್ರಾ ಸ್ಟುಡಿಯೋ" ಅಂತ ಹೆಸರಿಟ್ಟರೂ ಚೆಕ್ ಬರುವುದು ನಿಮ್ಮ ಸ್ವಂತ ಹೆಸರಿಗೇ.

ಉದ್ಯಮ್: ಇದನ್ನು ಬಿಡಬೇಡಿ

ಈ ಪುರಾವೆಯ ಕೊರತೆ ತುಂಬುವ ಮೊದಲ ಮೆಟ್ಟಿಲು ಉದ್ಯಮ್. 2020ರ ಜುಲೈ 1ರಿಂದ ಇರುವ ಈ ನೋಂದಣಿ ಪೂರ್ತಿ ಉಚಿತ. ಆಧಾರ್‌ಗೆ ಜೋಡಿಸಿದ ಮೊಬೈಲ್ ಕೈಯಲ್ಲಿರಬೇಕು, ಒಟಿಪಿ ಅದಕ್ಕೇ ಬರುತ್ತದೆ. ನಂತರ ಪ್ಯಾನ್, ವ್ಯಾಪಾರದ ಹೆಸರು, ವಿಳಾಸ, ಬ್ಯಾಂಕ್ ಖಾತೆ ನಂಬರ್, ಎಷ್ಟು ಜನ ಕೆಲಸ ಮಾಡುತ್ತಾರೆ ಅನ್ನೋದು. ಜನ ತಡವರಿಸುವುದು ಎನ್‌ಐಸಿ ಕೋಡ್, ಅಂದರೆ ನಿಮ್ಮ ಕೆಲಸ ಯಾವ ಬಗೆಯದು ಅಂತ ಹೇಳುವ ನಂಬರ್, ಆರಿಸುವಾಗ. ವಿನ್ಯಾಸದ ಕೆಲಸ 7410ರ ಗುಂಪು, ಫೋಟೋ ವಿಡಿಯೋ 7420ರ ಗುಂಪು, ಪ್ರೋಗ್ರಾಮಿಂಗ್ 6201ರ ಗುಂಪು. ಒಂದಕ್ಕಿಂತ ಜಾಸ್ತಿ ಹಾಕಬಹುದು. ಕೊನೆಗೆ ಸಿಗುವ ನಂಬರ್ ಉದ್ಯಮ್-ಕೆಆರ್ ಅಂತ ಶುರುವಾಗುತ್ತದೆ. ಕಾಗದ ಅಪ್‌ಲೋಡ್ ಮಾಡಬೇಕಿಲ್ಲ.

ಇದರ ಹೆಸರಿನಲ್ಲಿ ಸಾವಿರಗಟ್ಟಲೆ ಕೇಳುವ ನಕಲಿ ವೆಬ್‌ಸೈಟ್‌ಗಳಿವೆ. ಗವ್ ಡಾಟ್ ಇನ್ ಅಂತ ಕೊನೆಯಾಗದ ಜಾಗದಲ್ಲಿ ಆಧಾರ್ ಹಾಕಲೇಬೇಡಿ. ಸೈಬರ್ ಸೆಂಟರಿನವರಿಗೆ ಟೈಪಿಂಗ್ ಚಾರ್ಜು ಕೊಡುವುದು ಸರಿ, "ಸರ್ಕಾರಿ ಫೀಸು" ಅಂದರೆ ಎದ್ದು ಬನ್ನಿ.

ಉದ್ಯಮ್‌ನ ನಿಜವಾದ ಬೆಲೆ ಗೊತ್ತಾಗುವುದು ದುಡ್ಡು ಬಾಕಿ ಉಳಿದಾಗ. ಎಂಎಸ್‌ಎಂಇ ಕಾಯ್ದೆ, 2006ರ ಪ್ರಕಾರ ಸಣ್ಣ ಉದ್ಯಮದವರ ಬಿಲ್ ಅನ್ನು ಹೆಚ್ಚೆಂದರೆ 45 ದಿನದಲ್ಲಿ ಕೊಡಬೇಕು. ಬರಹದ ಒಪ್ಪಂದ ಇಲ್ಲದಿದ್ದರೆ 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಎಂಎಸ್‌ಎಂಇ ಸಚಿವಾಲಯದ ಪೋರ್ಟಲ್‌ನಲ್ಲಿ ದೂರು ಹಾಕಬಹುದು. ಬಾಕಿ ತಡ ಮಾಡಿದರೆ ಆ ಖರ್ಚನ್ನು ಕೊಡುವವರೆಗೂ ತಮ್ಮ ಆದಾಯದಿಂದ ಕಳೆಯಲು ಆಗುವುದಿಲ್ಲ ಅನ್ನೋ ನಿಯಮ ಬಂದ ಮೇಲೆ ಕಂಪನಿಗಳ ಲೆಕ್ಕಪತ್ರದವರು ತಾವಾಗಿಯೇ ನಿಮ್ಮ ಉದ್ಯಮ್ ನಂಬರ್ ಕೇಳುತ್ತಿದ್ದಾರೆ. ಬಿಲ್‌ನ ಮೇಲೆ ಅದನ್ನು ಅಚ್ಚು ಹಾಕಿಸಿ. ಕೆಲಸ ಒಪ್ಪಿಕೊಳ್ಳುವ ಮುಂಚೆಯೇ ನೋಂದಣಿ ಆಗಿರಲಿ, ಜಗಳ ಬಂದಮೇಲೆ ಮಾಡಿಸಿದರೆ ಹಕ್ಕು ಸಾಧಿಸುವುದು ಕಷ್ಟ.

ಒಂದು ಎಚ್ಚರಿಕೆ, ಅದೂ ಬಳ್ಳಾರಿಯವರಿಗೆ ಮುಖ್ಯ. ಜೀನ್ಸ್ ಹೊಲಿದುಕೊಡುವವರು, ಪ್ಯಾಟರ್ನ್ ಮಾಡುವವರು, ಕ್ಯಾಟಲಾಗ್ ಫೋಟೋ ತೆಗೆಯುವವರಿಗೆ ಈ 45 ದಿನದ ರಕ್ಷಣೆ ಇದೆ. ತಯಾರಾದ ಜೀನ್ಸ್ ಕೊಂಡು ಮಾರುವವರಿಗೆ ಇಲ್ಲ. ಬರೀ ಮಾರಾಟಗಾರರಿಗೆ ಉದ್ಯಮ್ ಕೊಡುವುದು ಬ್ಯಾಂಕ್ ಸಾಲದ ಆದ್ಯತೆಯನ್ನಷ್ಟೇ.

ಬೋರ್ಡ್ ಹಾಕಿದರೆ

ಮನೆಯ ಮೂಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಒಬ್ಬರೇ ಮಾಡುವ ಕೆಲಸ ಒಂದು ತರಹ. ರಸ್ತೆ ಬದಿಯಲ್ಲಿ ರೂಮ್ ಹಿಡಿದು, ಬೋರ್ಡ್ ಹಾಕಿ, ಒಬ್ಬ ಹುಡುಗನನ್ನು ಕೆಲಸಕ್ಕೆ ಇಟ್ಟುಕೊಂಡರೆ ಬೇರೆ ತರಹ. ಆಗ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ ಪ್ರಕಾರ ಕಾರ್ಮಿಕ ಇಲಾಖೆಯ ನೋಂದಣಿ ಬೇಕು. ಶುರುವಾದ 30 ದಿನದೊಳಗೆ, ಇ-ಕಾರ್ಮಿಕ ಪೋರ್ಟಲ್‌ನಲ್ಲಿ. ಟ್ರೇಡ್ ಲೈಸೆನ್ಸ್ ಬಳ್ಳಾರಿಯಲ್ಲಿ ಮಹಾನಗರ ಪಾಲಿಕೆಯಿಂದ, ಕೊಪ್ಪಳದಲ್ಲಿ ನಗರಸಭೆಯಿಂದ, ಆನೆಗೊಂದಿಯಂಥ ಊರಲ್ಲಿ ಗ್ರಾಮ ಪಂಚಾಯಿತಿಯಿಂದ. ಇದನ್ನು ಕಾಲಕಾಲಕ್ಕೆ ನವೀಕರಿಸಬೇಕು, ಮರೆಯುವುದು ಸುಲಭ. ಬೋರ್ಡ್‌ನಲ್ಲಿ ಶೇ. 60 ಭಾಗ ಕನ್ನಡ ಇರಲೇಬೇಕು, ಅದೂ ಮೇಲಿನ ಭಾಗದಲ್ಲಿ. ಬೋರ್ಡ್ ಬರೆಸುವ ಮುಂಚೆಯೇ ಹೇಳಿಬಿಡಿ.

ರಾಜ್ಯದ ವೃತ್ತಿ ತೆರಿಗೆಯೂ ಇದೆ. ವರ್ಷಕ್ಕೆ 2,500 ರೂಪಾಯಿ ಮೀರುವುದಿಲ್ಲ.

ವ್ಯಾಪಾರದ ಹೆಸರಿಗೆ ಕರೆಂಟ್ ಅಕೌಂಟ್ ತೆರೆಯಲು ಬ್ಯಾಂಕ್‌ಗಳು ಸಾಮಾನ್ಯವಾಗಿ ಎರಡು ಪುರಾವೆ ಕೇಳುತ್ತವೆ. ಉದ್ಯಮ್ ಒಂದು, ಅಂಗಡಿ ನೋಂದಣಿ ಅಥವಾ ಲೈಸೆನ್ಸ್ ಇನ್ನೊಂದು. ಬರೀ ಖಾತೆಗಾಗಿ ಜಿಎಸ್‌ಟಿ ತಗೊಳ್ಳುವವರಿದ್ದಾರೆ, ಅದರ ಅಗತ್ಯವಿಲ್ಲ. ಖಾತೆ ತೆರೆದ ಮೇಲೆ ಹೊಲದ ದುಡ್ಡು, ಅಣ್ಣ ಕಳಿಸಿದ ದುಡ್ಡು, ಚೀಟಿ ದುಡ್ಡು ಯಾವುದನ್ನೂ ಅದಕ್ಕೆ ಹಾಕಬೇಡಿ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ್ದು ನೆನಪಿದೆಯಲ್ವಾ? ಖಾತೆ ಬೇರೆ ಇದ್ದವರು ಅಂಥ ನೋಟಿಸಿಗೆ ಒಂದು ಸ್ಟೇಟ್‌ಮೆಂಟ್ ಇಟ್ಟುಕೊಂಡು ಉತ್ತರ ಕೊಡಬಹುದು. ಎಲ್ಲ ಒಂದರಲ್ಲೇ ಬೆರೆತಿದ್ದರೆ ಪ್ರತಿ ಜಮೆಗೂ ವಿವರಣೆ ಹುಡುಕಬೇಕು.

ಜಿಎಸ್‌ಟಿ: ಇಲ್ಲೇ ಜಾಸ್ತಿ ತೂಗಿ ನೋಡಬೇಕಾದ್ದು

ಸೇವೆ ಕೊಡುವವರಿಗೆ ಕರ್ನಾಟಕದಲ್ಲಿ ಮಿತಿ ವರ್ಷಕ್ಕೆ 20 ಲಕ್ಷ. ಬರೀ ವಸ್ತು ಮಾರುವವರಿಗೆ 40 ಲಕ್ಷ. ಹೊರರಾಜ್ಯದ ಗಿರಾಕಿಗೆ ಕೆಲಸ ಮಾಡಿದ ತಕ್ಷಣ ಜಿಎಸ್‌ಟಿ ಕಡ್ಡಾಯ ಅಂತ ಹೇಳುವವರು ಇನ್ನೂ ಇದ್ದಾರೆ. ಸೇವೆಗೆ ಅದು 2017ರ ಅಕ್ಟೋಬರ್‌ನಿಂದಲೇ ಇಲ್ಲ. ಹೈದರಾಬಾದಿನ ಕಂಪನಿಗೆ ಲೋಗೋ ಮಾಡಿದರೂ, ಹೊರದೇಶದವರಿಗೆ ಕೋಡ್ ಬರೆದರೂ 20 ಲಕ್ಷದವರೆಗೆ ಬೇಡ. ವಸ್ತುವಿನ ವಿಷಯ ಹಾಗಲ್ಲ. ಬಳ್ಳಾರಿಯ ಜೀನ್ಸ್ ಅನ್ನು ಆನ್‌ಲೈನ್‌ನಲ್ಲಿ ಆಂಧ್ರಕ್ಕೆ, ಮಹಾರಾಷ್ಟ್ರಕ್ಕೆ ಮಾರುವುದಾದರೆ ಮೊದಲ ಪ್ಯಾಂಟಿನಿಂದಲೇ ಜಿಎಸ್‌ಟಿ ಬೇಕು.

ಮಿತಿ ದಾಟದೆಯೂ ತಗೊಳ್ಳಬಹುದು. ತಗೊಳ್ಳಬೇಕಾ ಅನ್ನೋದೇ ಪ್ರಶ್ನೆ. ಇಲ್ಲಿ ಮತ್ತೆ ಆ ಹಾಳೆ ನೋಡಿ. ಹೆಚ್ಚಿನ ಸೇವೆಗಳಿಗೆ ಜಿಎಸ್‌ಟಿ ಶೇ. 18. ನಿಮ್ಮ 10,000 ರೂಪಾಯಿ ಬಿಲ್ 11,800 ಆಗುತ್ತದೆ. ಗಿರಾಕಿ ಜಿಎಸ್‌ಟಿ ಇರುವ ಕಂಪನಿಯಾದರೆ ಆ 1,800 ಅವರಿಗೆ ಸಾಮಾನ್ಯವಾಗಿ ಇನ್‌ಪುಟ್ ಕ್ರೆಡಿಟ್ ಆಗಿ ಸಿಗುತ್ತದೆ, ಅಂದರೆ ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಅಷ್ಟನ್ನು ಕಳೆಯಬಹುದು, ಅವರಿಗೆ ಹೊರೆಯಲ್ಲ. ಗಿರಾಕಿ ಸಿಂಧನೂರಿನ ಮದುವೆ ಮನೆಯವರಾದರೆ ಆ 1,800 ಅವರ ಕಿಸೆಯಿಂದ ಹೋಗಬೇಕು, ಇಲ್ಲ ನೀವು ರೇಟು ಇಳಿಸಿ ನಿಮ್ಮ ಕಿಸೆಯಿಂದ ಕೊಡಬೇಕು. ಪಕ್ಕದ ಸ್ಟುಡಿಯೋದವರಿಗೆ ಜಿಎಸ್‌ಟಿ ಇಲ್ಲದಿದ್ದರೆ ಕೆಲಸ ಅವರಿಗೇ ಹೋಗುತ್ತದೆ.

ಹಾಗಾಗಿ ನನ್ನ ಅಳತೆ ಹೀಗಿದೆ. ಬರುವ ದುಡ್ಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಕಂಪನಿಗಳಿಂದ ಬರುತ್ತಿದ್ದರೆ, ಅಥವಾ ನಂಬರ್ ಇಲ್ಲ ಅನ್ನೋ ಕಾರಣಕ್ಕೆ ಕೆಲಸ ಕೈತಪ್ಪುತ್ತಿದ್ದರೆ 20 ಲಕ್ಷಕ್ಕೆ ಕಾಯಬೇಡಿ. ಕ್ಯಾಮೆರಾ, ಲ್ಯಾಪ್‌ಟಾಪ್ ಕೊಳ್ಳುವ ವರ್ಷವೇ ತಗೊಂಡರೆ ಇನ್ನೂ ಒಳ್ಳೆಯದು. ಲಕ್ಷ ರೂಪಾಯಿಯ ಕ್ಯಾಮೆರಾ ಮೇಲಿನ 18,000 ನಿಮಗೆ ಕ್ರೆಡಿಟ್ ಆಗಿ ಸಿಗುತ್ತದೆ. ಗಿರಾಕಿಗಳೆಲ್ಲ ಮನೆಮಂದಿಯೇ ಆದರೆ ಮಿತಿ ಬರುವವರೆಗೂ ಸುಮ್ನೆ ಇರಿ.

ತಗೊಂಡ ಮೇಲೆ ಕೆಲಸ ಇಲ್ಲದ ತಿಂಗಳಲ್ಲೂ ರಿಟರ್ನ್ ತುಂಬಬೇಕು. ತಡವಾದರೆ ದಿನಕ್ಕೆ 50 ರೂಪಾಯಿ, ಶೂನ್ಯ ರಿಟರ್ನ್‌ಗೆ 20 ರೂಪಾಯಿ. 5 ಕೋಟಿಯೊಳಗಿನವರು ಮೂರು ತಿಂಗಳಿಗೊಮ್ಮೆ ತುಂಬುವ ಪದ್ಧತಿ ಆರಿಸಿಕೊಳ್ಳಬಹುದು, ಆದರೆ ತೆರಿಗೆಯನ್ನು ಪ್ರತಿ ತಿಂಗಳೂ ಕಟ್ಟಬೇಕು. ಆಡಿಟರ್ ಜೊತೆ ಮಾತಾಡುವಾಗ ರಿಜಿಸ್ಟ್ರೇಷನ್ ಎಷ್ಟು ಅಂತ ಕೇಳಬೇಡಿ, ವರ್ಷದ ರಿಟರ್ನ್‌ಗಳಿಗೆ ಒಟ್ಟು ಎಷ್ಟು ಅಂತ ಕೇಳಿ.

ಮಿತಿ ದಾಟಿದ, ಮನೆಮಂದಿಯೇ ಗಿರಾಕಿಗಳಾಗಿರುವ ಸ್ಟುಡಿಯೋಗಳಿಗೆ ಇನ್ನೊಂದು ದಾರಿ ಇದೆ, ಅದನ್ನು ಹೇಳುವವರು ಕಮ್ಮಿ. ಕಾಂಪೊಸಿಷನ್. ಸೇವೆಯವರು 50 ಲಕ್ಷದವರೆಗೆ ಬಂದ ಒಟ್ಟು ಮೊತ್ತದ ಶೇ. 6 ಕಟ್ಟಿ ಮುಗಿಸಬಹುದು. ವರ್ಷಕ್ಕೆ 30 ಲಕ್ಷದ ಕೆಲಸ ಮಾಡುವ ಗಂಗಾವತಿಯ ಸ್ಟುಡಿಯೋ ಲೆಕ್ಕ ಹಾಕಿ ನೋಡಿ. ಗಿರಾಕಿಯಿಂದ ಒಟ್ಟು 30 ಲಕ್ಷವೇ ಬರುತ್ತದೆ ಅಂದರೆ ಸಾಮಾನ್ಯ ಪದ್ಧತಿಯಲ್ಲಿ ಅದರೊಳಗಿನ ಜಿಎಸ್‌ಟಿ ಸುಮಾರು 4 ಲಕ್ಷ 58 ಸಾವಿರ, ಅದರಲ್ಲಿ ನಿಮ್ಮ ಕ್ರೆಡಿಟ್ ಕಳೆಯಬೇಕು. ಕಾಂಪೊಸಿಷನ್‌ನಲ್ಲಿ 1 ಲಕ್ಷ 80 ಸಾವಿರ. ಬದಲಿಗೆ ಕ್ರೆಡಿಟ್ ಸಿಗುವುದಿಲ್ಲ, ಬಿಲ್‌ನಲ್ಲಿ ತೆರಿಗೆ ಬೇರೆ ತೋರಿಸುವಂತಿಲ್ಲ, ಹೊರರಾಜ್ಯದ ಕೆಲಸ ಒಪ್ಪುವಂತಿಲ್ಲ. ಕರ್ನೂಲು, ಹೈದರಾಬಾದಿನ ಮದುವೆಗಳಿಗೂ ಹೋಗುವ ರಾಯಚೂರಿನವರು ಈ ಕೊನೆಯ ಮಾತನ್ನು ಎರಡು ಸಲ ಓದಬೇಕು.

ಅರ್ಜಿ ಸಿಕ್ಕಿಹಾಕಿಕೊಳ್ಳುವುದು ಹೆಚ್ಚಾಗಿ ವಿಳಾಸದಲ್ಲಿ. ಜೆಸ್ಕಾಂ ಬಿಲ್ ಇನ್ನೂ ಅಜ್ಜನ ಹೆಸರಿನಲ್ಲೇ ಇರುತ್ತದೆ, ಮನೆ ಅಪ್ಪನ ಹೆಸರಿಗೆ ಬಂದಿರುತ್ತದೆ, ಅರ್ಜಿ ಹಾಕುವವರು ಮಗಳು. ಕರೆಂಟ್ ಬಿಲ್ ಮತ್ತು ಆಸ್ತಿ ತೆರಿಗೆ ರಸೀದಿಯಲ್ಲಿ ಹೆಸರು ಒಂದೇ ಇದೆಯಾ ನೋಡಿಕೊಳ್ಳಿ. ಆಸ್ತಿ ಯಾರ ಹೆಸರಲ್ಲಿದೆಯೋ ಅವರಿಂದ ಒಪ್ಪಿಗೆ ಪತ್ರ ಬರೆಸಿಕೊಳ್ಳಿ. ಬಾಡಿಗೆ ರೂಮಾದರೆ ಕರಾರು ಪತ್ರ. ಇಷ್ಟು ಮೊದಲೇ ಸರಿಮಾಡಿಕೊಂಡರೆ ಅರ್ಜಿ ವಾಪಸ್ ಬರುವುದು ಬಹಳ ಕಮ್ಮಿ.

ಇಬ್ಬರಿದ್ದರೆ

ಗೆಳೆಯರಿಬ್ಬರು ಕೂಡಿ ಸ್ಟುಡಿಯೋ ಮಾಡುವಾಗ ಬಾಯಿಮಾತಿನಲ್ಲಿ ಮುಗಿಸುವುದು ನಮ್ಮ ಕಡೆಯ ರೂಢಿ. ದಯವಿಟ್ಟು ಬೇಡ. ಕಮ್ಮಿ ಖರ್ಚಿನದು ಪಾರ್ಟ್‌ನರ್‌ಶಿಪ್ ಡೀಡ್. 1932ರ ಕಾಯ್ದೆಯಲ್ಲಿ ಅದನ್ನು ರಿಜಿಸ್ಟರ್ ಮಾಡಿಸುವುದು ಕಡ್ಡಾಯವಲ್ಲ, ಆದರೆ ಮಾಡಿಸದ ಫರ್ಮ್ ಬಾಕಿ ಉಳಿಸಿಕೊಂಡ ಗಿರಾಕಿಯ ಮೇಲೆ ಕೋರ್ಟಿನಲ್ಲಿ ದಾವೆ ಹಾಕಲಾರದು. ಹಾಗಾಗಿ ಮಾಡಿಸಿ. ಇದರ ಅಪಾಯ ಅಂದರೆ ಗೆಳೆಯ ಫರ್ಮ್ ಹೆಸರಲ್ಲಿ ಮಾಡಿದ ಸಾಲಕ್ಕೆ ನಿಮ್ಮ ಮನೆ, ಹೊಲವೂ ಹೊಣೆ.

ಆ ಅಪಾಯ ಬೇಡ ಅನ್ನುವವರಿಗೆ ಎಲ್‌ಎಲ್‌ಪಿ, ಅಂದರೆ ಸೀಮಿತ ಹೊಣೆಯ ಪಾಲುದಾರಿಕೆ. ಹೊಣೆ ನೀವು ಹಾಕಿದ ಬಂಡವಾಳಕ್ಕಷ್ಟೇ. ವ್ಯವಹಾರ 40 ಲಕ್ಷ, ಬಂಡವಾಳ 25 ಲಕ್ಷ ಮೀರದಿದ್ದರೆ ಎಲ್‌ಎಲ್‌ಪಿ ಕಾಯ್ದೆಯ ಆಡಿಟ್ ಬೇಡ. ಆದರೆ ಪ್ರತಿ ವರ್ಷ ಮೇ 30ರೊಳಗೆ ಒಂದು ಫಾರ್ಮ್, ಅಕ್ಟೋಬರ್ 30ರೊಳಗೆ ಇನ್ನೊಂದು, ಕೆಲಸ ಇರಲಿ ಬಿಡಲಿ. ಫರ್ಮ್, ಎಲ್‌ಎಲ್‌ಪಿ ಎರಡಕ್ಕೂ ತೆರಿಗೆ ಶೇ. 30, ಪಾಲುದಾರರ ಸಂಬಳ ಕಳೆದು ಉಳಿದದ್ದರ ಮೇಲೆ. ಆ ಸಂಬಳ ಒಬ್ಬರಿಗೆ ವರ್ಷಕ್ಕೆ 20,000 ದಾಟಿದರೆ 2025ರ ಏಪ್ರಿಲ್‌ನಿಂದ ಶೇ. 10 ಟಿಡಿಎಸ್ ಹಿಡಿದು ಕಟ್ಟಬೇಕು. ಅಣ್ಣ ತಮ್ಮ, ಗಂಡ ಹೆಂಡತಿ ಅಂಥವರಿಗೆ ಫರ್ಮ್ ಸಾಕು. ಹೊರಗಿನವರ ಜೊತೆ ದೊಡ್ಡ ದುಡ್ಡು ಹಾಕುವಾಗ ಎಲ್‌ಎಲ್‌ಪಿ ಖರ್ಚು ದಂಡವಲ್ಲ.

ಕಂಪನಿ

ಒಬ್ಬರೇ ಮಾಡುವ ಒಪಿಸಿ ಆಗಲಿ, ಪ್ರೈವೇಟ್ ಲಿಮಿಟೆಡ್ ಆಗಲಿ, ಒಂದು ರೂಪಾಯಿ ವ್ಯವಹಾರ ಆಗದಿದ್ದರೂ ಪ್ರತಿ ವರ್ಷ ಆಡಿಟ್ ಕಡ್ಡಾಯ. ವಾರ್ಷಿಕ ಫಾರ್ಮ್ ತಡವಾದರೆ ಒಂದೊಂದು ಫಾರ್ಮ್‌ಗೂ ದಿನಕ್ಕೆ 100 ರೂಪಾಯಿ. ಹೊಣೆ ಸೀಮಿತ ಅಂದರೂ ಬ್ಯಾಂಕ್ ಸಾಲಕ್ಕೆ ನಿರ್ದೇಶಕರ ಸ್ವಂತ ಜಾಮೀನು ಕೇಳುವುದೇ ಹೆಚ್ಚು. ಹೂಡಿಕೆದಾರರು ಪಾಲು ಕೇಳುತ್ತಿದ್ದರೆ, ಅಥವಾ ದೊಡ್ಡ ಗಿರಾಕಿ ಕಂಪನಿಗೆ ಮಾತ್ರ ಕೆಲಸ ಕೊಡುತ್ತೇವೆ ಅಂತ ಬರೆದುಕೊಟ್ಟರೆ ಮಾಡಿ. ಕಾರ್ಡಿನ ಮೇಲೆ ನಿರ್ದೇಶಕ ಅಂತ ಬರೆಸಿಕೊಳ್ಳುವ ಆಸೆಗೆ ಬೇಡ. ಹೆಸರು ಉಳಿಸಿಕೊಳ್ಳಬೇಕು ಅನ್ನೋದೇ ಕಾರಣವಾದರೆ ಟ್ರೇಡ್‌ಮಾರ್ಕ್ ಹಾಕಿ. ಒಬ್ಬ ವ್ಯಕ್ತಿ ಆನ್‌ಲೈನ್‌ನಲ್ಲಿ ಹಾಕಿದರೆ ಒಂದು ವರ್ಗಕ್ಕೆ ಫೀಸು 4,500 ರೂಪಾಯಿ. ಸ್ವಂತ ಜೀನ್ಸ್ ಲೇಬಲ್ ಇರುವವರು ನೋಡಬೇಕಾದ್ದು 25ನೇ ವರ್ಗ.

ನಾನಾದರೆ ಹೀಗೆ ಆರಿಸುತ್ತೇನೆ

ವರ್ಷಕ್ಕೆ 5-6 ಲಕ್ಷದೊಳಗೆ ಬರುವ, ಈಗಷ್ಟೇ ಶುರು ಮಾಡಿದವರಿಗೆ ಪ್ಯಾನ್, ಉದ್ಯಮ್, ಬೇರೆ ಖಾತೆ, ನಂಬರ್ ಹಾಕಿದ ಬಿಲ್ ಪುಸ್ತಕ, ಪ್ರತಿ ವರ್ಷ ತಪ್ಪದೆ ರಿಟರ್ನ್. ಮುದ್ರಾ ಸಾಲ ಕೇಳಲು ಹೋದಾಗ ಬ್ಯಾಂಕಿನವರು ನೋಡುವುದು ಈ ರಿಟರ್ನ್‌ಗಳನ್ನೇ. ಮದುವೆ, ನಾಮಕರಣ, ಟ್ಯೂಷನ್ ನಂಬಿದವರಿಗೆ ಇದರ ಮೇಲೆ ಅಂಗಡಿ ನೋಂದಣಿ ಮತ್ತು ಲೈಸೆನ್ಸ್, ರೂಮ್ ಹಿಡಿದ ದಿನದಿಂದ. ಕಾರ್ಖಾನೆ, ಆಸ್ಪತ್ರೆ, ಐಟಿ ಕಂಪನಿ ಅಂತ ಕೆಲಸ ಮಾಡುವವರಿಗೆ 8-10 ಲಕ್ಷಕ್ಕೆ ಬಂದಾಗಲೇ ಜಿಎಸ್‌ಟಿ. ಹೊರದೇಶದ ಗಿರಾಕಿಗಳಿರುವವರು 20 ಲಕ್ಷ ದಾಟಿದಾಗ ಜಿಎಸ್‌ಟಿ ತಗೊಂಡು ಎಲ್‌ಯುಟಿ ಅನ್ನೋ ಮುಚ್ಚಳಿಕೆ ಪತ್ರ ಸಲ್ಲಿಸಿದರೆ ಆ ಬಿಲ್‌ಗಳಿಗೆ ತೆರಿಗೆ ಕಟ್ಟದೆ ಕೆಲಸ ಕಳಿಸಬಹುದು.

20 ಲಕ್ಷ ದಾಟಿದ ದಿನದಿಂದ 30 ದಿನದೊಳಗೆ ಜಿಎಸ್‌ಟಿ ಅರ್ಜಿ ಹೋಗಬೇಕು. ಹಾಗಾಗಿ 15 ಲಕ್ಷ ಆದ ತಿಂಗಳಿನಿಂದ ಒಟ್ಟು ಮೊತ್ತವನ್ನು ಪ್ರತಿ ತಿಂಗಳೂ ನೋಡುತ್ತಿರಿ. ಮುಂದೆ ಫರ್ಮ್ ಅಥವಾ ಎಲ್‌ಎಲ್‌ಪಿಗೆ ಬದಲಾಯಿಸುವುದಾದರೆ ಪ್ಯಾನ್ ಹೊಸದಾಗುತ್ತದೆ. ಅಂದರೆ ಉದ್ಯಮ್, ಜಿಎಸ್‌ಟಿ, ಬ್ಯಾಂಕ್ ಖಾತೆ ಮೂರೂ ಹೊಸದು, ಗಿರಾಕಿಗಳ ವರ್ಕ್ ಆರ್ಡರ್ ಕೂಡ ಹೊಸ ಹೆಸರಿಗೆ ಬರೆಸಬೇಕು. ವರ್ಷದ ನಡುವೆ ಮಾಡಿದರೆ ಒಂದೇ ವರ್ಷಕ್ಕೆ ಎರಡು ಲೆಕ್ಕ ಬರುತ್ತವೆ, ಟಿಡಿಎಸ್ ಹಳೆಯ ಪ್ಯಾನ್‌ಗೆ ಬಿದ್ದು ಹುಡುಕಾಡಬೇಕಾಗುತ್ತದೆ. ಡೀಡ್ ಬರೆಸುವುದನ್ನು ಫೆಬ್ರವರಿಯಲ್ಲಿ ಶುರು ಮಾಡಿ, ಹೊಸ ಹೆಸರಿನ ಮೊದಲ ಬಿಲ್ ಏಪ್ರಿಲ್ 1ರಂದು ಹಾಕಿ.